ಏಬೆಲ್ 2065: ಕ್ಯಾಮೆರಾಗೆ ಸಿಕ್ತು, ಕಣ್ಣಿಗೆ ನಿಜವಾಗ್ಲೂ ಸಿಕ್ತಾ?

ರಾತ್ರಿಗಣ್ಣು:
ಸ್ವಲ್ಪ ಉದ್ದದ ಪೋಸ್ಟು, ಮೊದಲೇ ಹೇಳ್ಬಿಡ್ತೀನಿ. ಮೂರು ವರ್ಷದಿಂದ ತಲೆ ಕೊರೀತಿದ್ದ ಟಾರ್ಗೆಟ್ ಒಂದು ಕೊನೆಗೂ ಅರ್ಧ ಮುಗೀತು. ಉತ್ತರ ಕಿರೀಟ ಅನ್ನೋ ನಕ್ಷತ್ರಪುಂಜದ ಕಡೆ ಇರೋ ಗ್ಯಾಲಕ್ಸಿ ಗುಚ್ಛ, ಏಬೆಲ್ 2065. ಸ್ವಾತಿ ನಕ್ಷತ್ರದಿಂದ ಪೂರ್ವಕ್ಕೆ ಕಣ್ಣು ಜಾರಿಸಿದ್ರೆ ಒಡೆದ ಬಳೆ ತುಂಡಿನ ಥರ ಬಾಗಿರೋ ಒಂದು ಸಾಲು ಕಾಣುತ್ತಲ್ಲ, ಅದೇ ಕಿರೀಟ. ಅದರ ಬೀಟಾ ನಕ್ಷತ್ರದಿಂದ ನೈಋತ್ಯಕ್ಕೆ ಹೆಚ್ಚೂಕಮ್ಮಿ 2 ಡಿಗ್ರಿ ಹೋದ್ರೆ ಜಾಗ ಸಿಗುತ್ತೆ. ಜಾಗ ಸಿಕ್ಕಿ ಏನ್ ಬಂತು, ಬರಿಗಣ್ಣಿಗೆ ಖಾಲಿ, ಬೈನಾಕ್ಯುಲರ್‌ಗೆ ಖಾಲಿ, ನನ್ನ 8 ಇಂಚಿನ ಸ್ಕೋಪಲ್ಲಿ ಕಣ್ಣಿಟ್ರೂ ಖಾಲಿ. ಆ ಖಾಲಿ ಜಾಗದ ಹಿಂದೆ ಸುಮಾರು 100 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ನೂರಾರು ಗ್ಯಾಲಕ್ಸಿ ಗುಂಪು ಕಟ್ಕೊಂಡು ಕೂತಿವೆ, ಅದರಲ್ಲಿ ಎಲ್ಲಕ್ಕಿಂತ ಪ್ರಕಾಶ ಇರೋದೇ 16ನೇ ಮ್ಯಾಗ್ನಿಟ್ಯೂಡ್ (ಸಂಖ್ಯೆ ಹೆಚ್ಚಾದಷ್ಟೂ ಮಂಕು) ಆಸುಪಾಸು.

ಫೋಟೋ ಡೀಟೇಲ್ಸ್: 8 ಇಂಚು ಎಫ್/4 ನ್ಯೂಟೋನಿಯನ್ (ಕನ್ನಡಿ ಟೆಲಿಸ್ಕೋಪು), ಅಂದ್ರೆ 800 ಮಿಮೀ ಫೋಕಲ್ ಲೆಂತ್, 3.76 ಮೈಕ್ರಾನ್ ಪಿಕ್ಸೆಲ್ ಇರೋ ಕಲರ್ ಕೂಲ್ಡ್ ಕ್ಯಾಮೆರಾ, ಯುವಿ ಐಆರ್ ಕಟ್ ಬಿಟ್ರೆ ಬೇರೆ ಫಿಲ್ಟರ್ ಇಲ್ಲ. 2 ನಿಮಿಷದ ಫ್ರೇಮು 180, ಮೂರು ರಾತ್ರಿ. ತೆಳು ಮೋಡ ಬಂದಿದ್ದು, ಗೈಡಿಂಗ್ (ಸ್ಕೋಪು ನಕ್ಷತ್ರದ ಹಿಂದೆನೇ ಸರಿಯಾಗಿ ತಿರುಗೋದು) ಕೆಟ್ಟಿದ್ದು ಅಂತ 38 ಎಸೆದೆ. ಉಳಿದ 142ರಿಂದ 4 ಗಂಟೆ 44 ನಿಮಿಷ ಆಯ್ತು. ಸಿರಿಲ್ ಅನ್ನೋ ಸಾಫ್ಟ್‌ವೇರಲ್ಲಿ ಎಲ್ಲಾ ಫ್ರೇಮು ಒಂದರ ಮೇಲೊಂದು ಸೇರಿಸಿ, ಅಂದ್ರೆ ಸ್ಟ್ಯಾಕ್ ಮಾಡಿ, ಮಂಕು ಬೆಳಕು ಎದ್ದು ಕಾಣ್ಲಿ ಅಂತ ಸ್ಟ್ರೆಚ್ ಒತ್ತಿದಾಗ, ನಕ್ಷತ್ರಗಳ ಮಧ್ಯೆ ಮಧ್ಯೆ ಸಣ್ಣ ಸಣ್ಣ ಹಳದಿ ಕಾಳುಗಳು, ಒಂದೂ ದುಂಡಗಿಲ್ಲ, ಎಲ್ಲಾ ಸ್ವಲ್ಪ ಸ್ವಲ್ಪ ಒತ್ತಿದಂಗೆ ಉದ್ದ. ರಾತ್ರಿ ಎರಡು ಗಂಟೆಗೆ ಒಬ್ನೇ ಕೂತ್ಕೊಂಡು ಅಯ್ಯೋ ಅಂದೆ.

ಈಗ ಎರಡು ಪ್ರಶ್ನೆ. ಒಂದು, ಗುಚ್ಛದ ನಡುವೆ ಎಳೆ ಮಂಜಿನ ಥರ ಒಂದು ಹೊಳಪು ಬಂದಿದೆ, ಗ್ಯಾಲಕ್ಸಿಗಳ ನಡುವೆ ಚೆಲ್ಲಿಹೋದ ನಕ್ಷತ್ರಗಳ ಬೆಳಕು ಇರುತ್ತಂತಲ್ಲ, ಅದೇನಾ ಇದು? ಎರಡು, ಹೋದ ಅಮಾವಾಸ್ಯೆಗೆ ಪರಿಚಯದ ಮೇಷ್ಟ್ರೊಬ್ಬರ 18 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪಲ್ಲಿ ಅದೇ ಜಾಗ ನೋಡ್ದೆ. ಸ್ಟೂಲ್ ಮೇಲೆ ನಿಂತು, ತಲೆಗೆ ಕರಿ ಬಟ್ಟೆ ಮುಚ್ಕೊಂಡು, ಉಸಿರಿಗೆ ಐಪೀಸ್ ಮಂಜಾಗುತ್ತೆ ಅಂತ ಉಸಿರು ಹಿಡ್ಕೊಂಡು. ನಾಲ್ಕೈದು ಮಸುಕು ಚುಕ್ಕಿ ಕಂಡ್ವು ಅಂತ ಅನ್ಸುತ್ತೆ. ಅನ್ಸುತ್ತೆ ಅಷ್ಟೇ. ಕಂಡಿದ್ದು ಹೌದಾ ಅಂತ ಆಣೆ ಮಾಡು ಅಂದ್ರೆ ಮಾಡಲ್ಲ.

ಸಬ್‌ಫ್ರೇಮ್ ಸರದಾರ:
ಸಖತ್ ಗುರು. 100 ಕೋಟಿ ವರ್ಷದ ಹಿಂದಿನ ಬೆಳಕು, ಅದು ಹೊರಟಾಗ ಭೂಮಿ ಮೇಲೆ ಒಂದು ಪ್ರಾಣಿನೂ ಇರ್ಲಿಲ್ಲ. ಬಂದು ನಿನ್ನ ಸೆನ್ಸರ್ ಮೇಲೆ ಬಿತ್ತು, ಅದರಲ್ಲಿ 38 ಫ್ರೇಮ್ ಕಸದ ಬುಟ್ಟಿಗೆ ಹೋಯ್ತು. ಇರ್ಲಿ. ಮಂಜಿನ ವಿಷಯಕ್ಕೆ ಬಂದ್ರೆ ನಂಗೆ ಡೌಟು. ಫ್ಲಾಟ್ಸ್ (ಸಮನಾದ ಬೆಳಕಿಗೆ ಹಿಡಿದು ತೆಗೆಯೋ ಫೋಟೋ) ಯಾವಾಗ ತೆಗೆದೆ? ಮೂರೂ ರಾತ್ರಿ ಬೇರೆ ಬೇರೆನಾ, ಒಂದೇ ಸೆಟ್ಟಾ? ಕ್ಯಾಮೆರಾ ಬಿಚ್ಚಿ ಹಾಕಿದ್ಯಾ ಮಧ್ಯದಲ್ಲಿ?

ರಾತ್ರಿಗಣ್ಣು:
ಎರಡನೇ ರಾತ್ರಿ ಫ್ರೇಮಿಂಗ್ ಸರಿ ಇರ್ಲಿಲ್ಲ ಅಂತ ಕ್ಯಾಮೆರಾ ತಿರುಗಿಸಿದ್ದೆ. ಫ್ಲಾಟ್ಸ್ ಮೊದಲ ರಾತ್ರಿದೇ ಮೂರಕ್ಕೂ ಹಾಕ್ದೆ. ಬೈಬೇಡಿ.

ಸಬ್‌ಫ್ರೇಮ್ ಸರದಾರ:
ಬೈಯಲ್ಲ, ಎಲ್ರೂ ಮಾಡಿರೋ ತಪ್ಪೇ. ಫ್ಲಾಟ್ ಅಂದ್ರೆ ನಿನ್ನ ಸ್ಕೋಪು ಕ್ಯಾಮೆರಾ ಜೋಡಿಯ ನೆರಳಿನ ನಕ್ಷೆ. ಮೂಲೆ ಎಷ್ಟು ಕತ್ತಲು, ಧೂಳಿನ ಕಣ ಎಲ್ಲಿ ಕೂತಿದೆ, ಎಲ್ಲಾ ಅದರಲ್ಲಿರುತ್ತೆ. ಕ್ಯಾಮೆರಾ ತಿರುಗಿಸಿದ ಮೇಲೆ ಆ ನಕ್ಷೆ ಹಳೇದು. ಹಳೇ ನಕ್ಷೆಯಿಂದ ಭಾಗಿಸಿದ್ರೆ ಇಲ್ಲದ ಕಡೆ ಬೆಳಕು ಹುಟ್ಟುತ್ತೆ, ಇರೋ ಕಡೆ ಕತ್ತಲು. ಅದೂ ಗುಚ್ಛ ಫ್ರೇಮಿನ ನಟ್ಟನಡುವೆ ಇದೆ, ನಿನ್ನ ಮಂಜೂ ನಟ್ಟನಡುವೆ ಇದೆ. ನಂಗೆ ಅಲ್ಲೇ ವಾಸನೆ ಬಂತು.

ಪರೀಕ್ಷೆ ಸುಲಭ. ಮತ್ತೊಂದು ರಾತ್ರಿ ಗುಚ್ಛನ ಬೇಕಂತಲೇ ಫ್ರೇಮಿನ ಮೂಲೆಗೆ ತಳ್ಳಿ ಒಂದು ಗಂಟೆ ಹೊಡಿ. ಮಂಜು ಗುಚ್ಛದ ಜೊತೆ ಮೂಲೆಗೆ ಹೋದ್ರೆ ಆಕಾಶದ್ದು. ನಡುವೆನೇ ಕೂತಿದ್ರೆ ನಿನ್ನ ಮನೆಯದ್ದು.

ಕಿರೀಟಧಾರಿ:
ಅಷ್ಟು ದೂರದ ಗುಚ್ಛದಲ್ಲಿ ಆ ಚದುರಿದ ಬೆಳಕು ಕತ್ತಲೆ ಆಕಾಶಕ್ಕಿಂತಲೂ ಎಷ್ಟೋ ಪಟ್ಟು ಮಂದ ಇರುತ್ತೆ, 5 ಗಂಟೆಯ ಡೇಟಾದಲ್ಲಿ, ಅದೂ ತಪ್ಪು ಫ್ಲಾಟ್ ಇಟ್ಕೊಂಡು, ಆಸೆ ಬಿಡಿ ಸಾರ್. ಬ್ಯಾಕ್‌ಗ್ರೌಂಡ್ ಗ್ರೇಡಿಯಂಟ್ ತೆಗೆಯೋ ಟೂಲ್ ಓಡಿಸುವಾಗ ಕೂಡ ಸ್ಯಾಂಪಲ್ ಪಾಯಿಂಟು ಗ್ಯಾಲಕ್ಸಿ ಮೇಲೆ ಬಿದ್ರೆ ಸುತ್ತ ಕಪ್ಪು ಉಂಗುರ ಬರುತ್ತೆ, ಅದನ್ನೂ ನೋಡ್ಕೊಳ್ಳಿ.

ಹೊಸಬ 23:
ನಾನು ಈ ಫೀಲ್ಡಿಗೆ ಹೊಸಬ, ಪೆದ್ದು ಪ್ರಶ್ನೆ ಆದ್ರೆ ಕ್ಷಮಿಸಿ. ಆ ಹಳದಿ ಬಣ್ಣ ರೆಡ್‌ಶಿಫ್ಟ್‌ನಿಂದ ಬಂದಿದ್ದಾ? ದೂರ ಓಡ್ತಾ ಇರೋದ್ರಿಂದ ಕೆಂಪಾಗುತ್ತೆ ಅಂತ ಓದಿದ್ದೆ. ಇನ್ನೊಂದು, ಇಷ್ಟು ಸಣ್ಣ ಚುಕ್ಕಿನ ಗ್ಯಾಲಕ್ಸಿ ಅಂತ ಹೇಗೆ ಹೇಳ್ತೀರ, ಮಂಕು ನಕ್ಷತ್ರನೂ ಹಂಗೇ ಅಲ್ವಾ ಕಾಣೋದು?

ಕಿರೀಟಧಾರಿ:
ಪೆದ್ದು ಅಲ್ಲ, ಒಳ್ಳೆ ಪ್ರಶ್ನೆ. ಈ ಗುಚ್ಛದ ರೆಡ್‌ಶಿಫ್ಟ್ 0.07 ಚಿಲ್ಲರೆ. ಅಂದ್ರೆ 500 ನ್ಯಾನೋಮೀಟರಿನ ಹಸಿರು ಬೆಳಕು ಇಲ್ಲಿಗೆ ಬರೋ ಹೊತ್ತಿಗೆ 536 ಆಗಿರುತ್ತೆ. ಹಸಿರು ಹಸಿರಾಗೇ ಉಳೀತು, ಒಂಚೂರು ಹಳದಿ ಕಡೆ ವಾಲಿತು ಅಷ್ಟೇ. ಫೋಟೋದಲ್ಲಿ ಕಾಣೋ ಹಳದಿಗೆ ಮುಖ್ಯ ಕಾರಣ ಬೇರೆ. ಗುಚ್ಛದ ನಡುವೆ ಇರೋ ಗ್ಯಾಲಕ್ಸಿಗಳು ಬಹುಪಾಲು ದೀರ್ಘವೃತ್ತದವು, ಅವುಗಳಲ್ಲಿ ಹೊಸ ನಕ್ಷತ್ರ ಹುಟ್ಟೋದು ಯಾವತ್ತೋ ನಿಂತುಹೋಗಿದೆ. ನೀಲಿ ನಕ್ಷತ್ರಗಳು ಬೇಗ ಉರಿದು ಮುಗಿಯೋವು, ಅವು ಸತ್ತ ಮೇಲೆ ಉಳಿಯೋದು ಹಳೇ ಕೆಂಪು ಹಳದಿ ನಕ್ಷತ್ರಗಳೇ. ಮುದುಕರ ಊರು ಅಂದ್ಕೊಳ್ಳಿ.

ಆದ್ರೆ ರೆಡ್‌ಶಿಫ್ಟ್ ಒಂದು ಕಡೆ ನಿಜವಾಗ್ಲೂ ಕೈ ಕೊಡುತ್ತೆ. ನೆಬ್ಯುಲಾ ತೆಗೆಯೋರು ಹೈಡ್ರೋಜನ್ ಆಲ್ಫಾ ಫಿಲ್ಟರ್ ಹಾಕ್ತಾರಲ್ಲ, 656 ನ್ಯಾನೋಮೀಟರಿಂದು, ಇಲ್ಲಿ ಆ ರೇಖೆ 704ರ ಹತ್ರ ಸರಿದಿರುತ್ತೆ. ಫಿಲ್ಟರಿಂದ ಪೂರ್ತಿ ಹೊರಗೆ. ಹಾಕಿದ್ರೆ ಗ್ಯಾಲಕ್ಸಿಯ ಬೆಳಕನ್ನೇ ತಡೆದು ನಿಲ್ಲಿಸಿದಂಗೆ.

ನಕ್ಷತ್ರನಾ ಗ್ಯಾಲಕ್ಸಿನಾ ಅನ್ನೋದಕ್ಕೆ ಒಂದು ಲೆಕ್ಕ ಹಾಕಿ ನೋಡಿ. 206 ಅನ್ನೋ ಸಂಖ್ಯೆನ ಪಿಕ್ಸೆಲ್ ಮೈಕ್ರಾನಿಂದ ಗುಣಿಸಿ ಫೋಕಲ್ ಲೆಂತಿಂದ ಭಾಗಿಸಿದ್ರೆ ಒಂದು ಪಿಕ್ಸೆಲ್ಲಿಗೆ ಎಷ್ಟು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗ) ಅಂತ ಬರುತ್ತೆ. ರಾತ್ರಿಗಣ್ಣು ಸಾರ್ ಸೆಟಪ್ಪಿಗೆ ಸುಮಾರು 0.97. ಈಗ ನಮ್ಮ ಆಕಾಶಗಂಗೆಯಷ್ಟು, ಅಂದ್ರೆ 1 ಲಕ್ಷ ಜ್ಯೋತಿರ್ವರ್ಷ ಅಗಲದ ಗ್ಯಾಲಕ್ಸಿನ 100 ಕೋಟಿ ಜ್ಯೋತಿರ್ವರ್ಷ ದೂರ ಇಟ್ರೆ ಅದರ ಅಗಲ ಸುಮಾರು 20 ಆರ್ಕ್‌ಸೆಕೆಂಡ್, ಇವರ ಫೋಟೋದಲ್ಲಿ 21 ಪಿಕ್ಸೆಲ್. ನಾವು ನೀವು ಸೂರ್ಯ ಚಂದ್ರ ಬರಿಗಣ್ಣಿಗೆ ಕಾಣೋ ನಕ್ಷತ್ರ ಎಲ್ಲಾ ಸೇರಿ 21 ಪಿಕ್ಸೆಲ್! ಅಂಚು ಮಂಕಾಗಿರೋದ್ರಿಂದ ನಿಜಕ್ಕೂ ಎದ್ದು ಕಾಣೋದು 8 ರಿಂದ 10 ಪಿಕ್ಸೆಲ್. ನಕ್ಷತ್ರಗಳು ಗಾಳಿಯ ಅಲುಗಾಟಕ್ಕೆ 3 ಪಿಕ್ಸೆಲ್ ಊದ್ಕೊಂಡು ದುಂಡಗೇ ಇರ್ತಾವೆ. ಅದಕ್ಕಿಂತ ಅಗಲ, ದುಂಡಗಿಲ್ಲ ಅಂದ್ರೆ ಅನುಮಾನ ಪಡಿ, ಆಮೇಲೆ ಪ್ಲೇಟ್ ಸಾಲ್ವ್ ಮಾಡಿ (ಫೋಟೋ ಆಕಾಶದ ಯಾವ ಜಾಗದ್ದು ಅಂತ ಸಾಫ್ಟ್‌ವೇರಿಂದ ಗುರುತಿಸಿ) ಅಲಾದಿನ್ ಅನ್ನೋ ಆಕಾಶ ನಕ್ಷೆ ಸಾಫ್ಟ್‌ವೇರಲ್ಲಿ ಹಾಕಿ ಕ್ಯಾಟಲಾಗ್ ಜೊತೆ ತಾಳೆ ನೋಡಿ. ಗ್ಯಾಲಕ್ಸಿ ಹೌದಾದ್ರೂ ಅದೇ ಗುಚ್ಛದ್ದಾ, ಮುಂದಿನದಾ ಹಿಂದಿನದಾ ಅಂತ ರೆಡ್‌ಶಿಫ್ಟ್ ನೋಡ್ದೆ ಹೇಳೋಕಾಗಲ್ಲ, ಅದು ಸ್ಲೋನ್ ಸರ್ವೇ ಅನ್ನೋ ಆಕಾಶ ಸಮೀಕ್ಷೇಲಿ ಎಷ್ಟೋ ಗ್ಯಾಲಕ್ಸಿಗೆ ಸಿಗುತ್ತೆ.

ಹತ್ತಿಂಚು:
ಫೋಟೋ ಭಾಳ ಚಂದ ಬಂದೈತ್ರಿ. ಆದ್ರ ನನಗ ಎರಡನೇ ಪ್ರಶ್ನೆ ಮ್ಯಾಲೆ ಹೇಳೂದೈತಿ. ಕಣ್ಣಿಲೆ ಕಂಡ್ವು ಅಂತೀರಲ್ಲ, ಸಿಟ್ಟಾಗಬ್ಯಾಡ್ರಿ, ಅದು ನೀವು ಕಂಡಿದ್ದಲ್ಲ, ನೆನಪು ಮಾಡ್ಕೊಂಡಿದ್ದು. ಮದ್ಲ ಫೋಟೋ ತಗದ್ರಿ, ಮೂರು ರಾತ್ರಿ ಆ ಫೋಟೋ ಮುಂದ ಕೂತು ಒಂದೊಂದು ಕಾಳು ಝೂಮ್ ಮಾಡಿ ನೋಡಿದ್ರಿ, ಆಮ್ಯಾಲೆ ಐಪೀಸಿಗೆ ಕಣ್ಣು ಇಟ್ರಿ. ತಲಿಯೊಳಗ ನಕ್ಷಾ ಮದ್ಲ ಕೂತಿತ್ತು, ಕಣ್ಣು ಬರೇ ಹೂಂ ಅಂತು.

ನಾ 10 ಇಂಚಿಲೆ ಇಪ್ಪತ್ತು ವರ್ಷದಿಂದ ನೋಡಾಕತ್ತೀನಿ, ಇಂಥ ಮಸುಕು ವಸ್ತು ಎಷ್ಟು ಮೋಸ ಮಾಡ್ತಾವ ಅಂದ್ರ, ಒಮ್ಮೆ ಹರ್ಕ್ಯುಲಿಸ್ ಗುಚ್ಛ, ಅದ ಏಬೆಲ್ 2151, ಅದರೊಳಗ ಎಂಟು ಗ್ಯಾಲಕ್ಸಿ ಕಂಡ್ವು ಅಂತ ಬರದಿಟ್ಟೆ, ಮರುದಿನ ಚಾರ್ಟ್ ನೋಡಿದ್ರ ನಾ ತಪ್ಪು ಫೀಲ್ಡಿನ್ಯಾಗ ಇದ್ದೆ. ಅಲ್ಲಿ ಒಂದೂ ಇರ್ಲಿಲ್ಲ. ಎಂಟು ಕಂಡಿದ್ವು ನೋಡ್ರಿ ನನಗ!

ಸಬ್‌ಫ್ರೇಮ್ ಸರದಾರ:
ಎಂಟು 😂

ಹತ್ತಿಂಚು:
ನಗ್ರಿ ನಗ್ರಿ. ಆವತ್ತಿಂದ ಕಲ್ತದ್ದು ಹೇಳ್ತೀನಿ. ಅರ್ಧಾ ತಾಸು ಪೂರ್ತಿ ಕತ್ತಲಾಗಿರಬೇಕು, ಫೋನ್ ಸ್ಕ್ರೀನ್ ಒಂದ್ಸಲ ನೋಡಿದ್ರಿ ಅಂದ್ರ ಮತ್ತ ಒಂದರಿಂದ ಎಣಿಕಿ. ನೇರ ನೋಡಬ್ಯಾಡ್ರಿ, ಕಣ್ಣಿನ ನಟ್ಟನಡುವ ಕತ್ತಲದಾಗ ಕೆಲಸ ಮಾಡೋ ರಾಡ್ ಕೋಶನ ಇಲ್ಲ. ಓರೆಗಣ್ಣಿಲೆ, ವಸ್ತು ಬಿಟ್ಟು ಸ್ವಲ್ಪ ಬಾಜೂಕ ನೋಡ್ರಿ. ಆದರೂ ಬರ್ಲಿಲ್ಲಂದ್ರ ಟ್ಯೂಬಿಗೆ ಬೆರಳಿಲೆ ಮೆಲ್ಲಕ ತಟ್ರಿ, ನಿಂತದ್ದಕ್ಕಿಂತ ಅಲುಗಾಡೋ ಮಸುಕು ಕಣ್ಣಿಗೆ ಬೇಗ ಹತ್ತತೈತಿ. ಮತ್ತ ಪವರ್ ಏರಿಸಾಕ ಹೆದರಬ್ಯಾಡ್ರಿ. ದೊಡ್ಡ ನೆಬ್ಯುಲಾಕ ಕಡಿಮಿ ಪವರ್ ಖರೆ, ಆದ್ರ ಇವು ಹೆಚ್ಚೂಕಮ್ಮಿ ನಕ್ಷತ್ರದಷ್ಟ ಸಣ್ಣವು, ಪವರ್ ಏರಿಸಿದ್ರ ಹಿಂದಿನ ಆಕಾಶ ಕಪ್ಪಾಕ್ಕೈತಿ, ಕಾಳು ಎದ್ದು ಬರ್ತಾವ. ನಿಮ್ಮ ಮೇಷ್ಟ್ರು ಎಷ್ಟು ಹಾಕಿದ್ರು?

ರಾತ್ರಿಗಣ್ಣು:
ಅವರದ್ದು ಎಫ್/4.5, ಫೋಕಲ್ ಲೆಂತ್ 2057, 8 ಮಿಮೀ ಐಪೀಸ್ ಹಾಕಿದ್ರು, ಅಂದ್ರೆ ಸುಮಾರು 257 ಪಟ್ಟು. ನೀವು ಹೇಳಿದ್ದು ಚುಚ್ತು ಸಾರ್, ಯಾಕಂದ್ರೆ ನಂಗೂ ಅದೇ ಡೌಟು ಇತ್ತು. ಕಂಡ ಚುಕ್ಕಿ ಎಲ್ಲಾ ನಾನು ಫೋಟೋದಲ್ಲಿ ಮಾರ್ಕ್ ಮಾಡ್ಕೊಂಡಿದ್ದವೇ.

ಕಡಲ್ಕಣ್ಣು:
ಇದರ ಹಿಂದೆ ಒಂದು ಕಥೆ ಉಂಟು ಮಾರಾಯ್ರೆ, ಹೇಳ್ದೆ ಇರ್ಲಿಕ್ಕೆ ಆಗುವುದಿಲ್ಲ. ಹಳೇ ಖಗೋಳ ಪುಸ್ತಕಗಳಲ್ಲಿ ಒಂದು ಚಿತ್ರ ಇರ್ತದೆ ನೋಡಿ, ಎಡಗಡೆ ಮೇಲಿಂದ ಕೆಳಗೆ ಐದು ಗ್ಯಾಲಕ್ಸಿ, ಮೇಲಿನದ್ದು ದೊಡ್ಡದು, ಕೆಳಗೆ ಹೋದ ಹಾಗೆ ಸಣ್ಣದಾಗಿ ಕೊನೆಗೆ ಬರೀ ಚುಕ್ಕಿ. ಬಲಗಡೆ ಅವುಗಳ ವರ್ಣಪಟಲ, ಅದರಿಂದ ಲೆಕ್ಕ ಹಾಕಿದ ದೂರ ಓಡುವ ವೇಗ. ಕನ್ಯಾ ಗುಚ್ಛದ್ದು ಸೆಕೆಂಡಿಗೆ 1,200 ಕಿಮೀ, ಸಪ್ತರ್ಷಿ ಮಂಡಲದ್ದು 15,000, ಮೂರನೇದು ಉತ್ತರ ಕಿರೀಟ 22,000, ಆಮೇಲೆ ಬೂಟಿಸ್ 39,000, ಹೈಡ್ರಾ 61,000. ಆ ಮೂರನೇದು ನಿಮ್ಮದೇ ಗುಚ್ಛದ್ದು. ಹಬಲ್ ಹೆಸರು ಎಲ್ಲರಿಗೂ ಗೊತ್ತು, ಆದರೆ ರಾತ್ರಿಯಿಡೀ ಗೈಡಿಂಗ್ ಐಪೀಸಿಗೆ ಕಣ್ಣಿಟ್ಟು ಒಂದೊಂದು ವರ್ಣಪಟಲ ಹಿಡಿದದ್ದು ಮಿಲ್ಟನ್ ಹ್ಯೂಮೇಸನ್. ಮೌಂಟ್ ವಿಲ್ಸನ್‌ನಲ್ಲಿ ಹೇಸರಗತ್ತೆ ಹೊಡೀತಾ ಸಾಮಾನು ಸಾಗಿಸ್ತಿದ್ದವ, ಆಮೇಲೆ ವೀಕ್ಷಣಾಲಯದ ಜಾಡಮಾಲಿ, ಆಮೇಲೆ ಖಗೋಳಜ್ಞ. ನಮಗೆ ಆಟೋ ಗೈಡರ್ ಉಂಟು, ಮಲಗ್ತೇವೆ.

ಏಬೆಲ್ ಅಂದ್ರೆ ಜಾರ್ಜ್ ಏಬೆಲ್. ಪಾಲೋಮಾರ್ ವೀಕ್ಷಣಾಲಯದ 48 ಇಂಚಿನ ಶ್ಮಿಟ್ ಕ್ಯಾಮೆರಾದ ಗಾಜಿನ ಪ್ಲೇಟುಗಳನ್ನು ಭೂತಗನ್ನಡಿ ಹಿಡಿದು ಕಣ್ಣಲ್ಲೇ ನೋಡಿ 1958ರಲ್ಲಿ 2,712 ಗುಚ್ಛಗಳ ಪಟ್ಟಿ ಮಾಡಿದವ. ಕಂಪ್ಯೂಟರ್ ಇಲ್ಲ ಎಂತದೂ ಇಲ್ಲ. ಹಾಗಾಗಿ ಫೋಟೋ ದೊಡ್ಡದಾ ಕಣ್ಣು ದೊಡ್ಡದಾ ಅಂತ ನೀವು ಇಲ್ಲಿ ಕೇಳ್ತಾ ಇದ್ದೀರಲ್ಲ, ಏಬೆಲ್‌ನದ್ದು ಎರಡೂ. ಫೋಟೋ ಮೇಲೆ ಕಣ್ಣು.

ಹೊಸಬ 23:
22,000 ಕಿಮೀ ವೇಗ ಅಂದ್ರೆ ಅದರಿಂದ 100 ಕೋಟಿ ಜ್ಯೋತಿರ್ವರ್ಷ ಹೇಗೆ ಬಂತು?

ಕಿರೀಟಧಾರಿ:
ಹಬಲ್ ಸ್ಥಿರಾಂಕ, ಅಂದ್ರೆ ಒಂದೊಂದು ಮೆಗಾಪಾರ್ಸೆಕ್ ದೂರಕ್ಕೆ ಓಡೋ ವೇಗ ಸೆಕೆಂಡಿಗೆ ಎಷ್ಟು ಕಿಮೀ ಹೆಚ್ಚುತ್ತೆ ಅನ್ನೋದು, 70 ಅಂತ ಇಟ್ಕೊಳ್ಳಿ. 22,000 ಭಾಗಿಸು 70, ಸುಮಾರು 314 ಮೆಗಾಪಾರ್ಸೆಕ್. ಒಂದು ಮೆಗಾಪಾರ್ಸೆಕ್ 32.6 ಲಕ್ಷ ಜ್ಯೋತಿರ್ವರ್ಷ. ಗುಣಿಸಿದ್ರೆ 102 ಕೋಟಿ. ಮಜಾ ಏನಂದ್ರೆ 1929ರಲ್ಲಿ ಹಬಲ್ ಕೊಟ್ಟ ಸಂಖ್ಯೆ ಸುಮಾರು 500 ಇತ್ತು. ಅದನ್ನ ಹಾಕಿದ್ರೆ ಇದೇ ಗುಚ್ಛ ಬರೀ 14 ಕೋಟಿ ಜ್ಯೋತಿರ್ವರ್ಷಕ್ಕೆ ಬಂದು ನಿಲ್ಲುತ್ತೆ. ವೇಗ ಸರಿಯಾಗೇ ಅಳೆದಿದ್ರು, ದೂರದ ಅಳತೆಗೋಲೇ ಗಿಡ್ಡ ಇತ್ತು.

ಜೇಬುಗಾತ್ರ:
ನಾನು 50 ಮಿಮೀ ಸ್ಮಾರ್ಟ್ ಟೆಲಿಸ್ಕೋಪಲ್ಲಿ ಇದೇ ಗುಚ್ಛ ಎರಡು ಗಂಟೆ ಬಿಟ್ಟಿದ್ದೆ, ಹತ್ತು ಹನ್ನೆರಡು ಚುಕ್ಕಿ ಸಿಕ್ತು, ಪಿಕ್ಸೆಲ್ ಎರಡು ಮೂರೇ ಆದ್ರೂ ಚಾರ್ಟ್ ಜೊತೆ ತಾಳೆ ಆಯ್ತು. ಹೀಗಿರುವಾಗ 18 ಇಂಚಿಗೆ ಏಣಿ ಹಾಕಿ ಹತ್ತಿ ಉಸಿರು ಕಟ್ಟಿ ಕಂಡ್ತೋ ಇಲ್ವೋ ಅಂತ ಜಗಳ ಆಡೋದ್ರಲ್ಲಿ ಏನು ಸುಖನೋ ಅರ್ಥ ಆಗಲ್ಲ. ತಮಾಷೆಗೆ ಹೇಳಿದ್ದು, ಹೊಡೀಬೇಡಿ.

ಹತ್ತಿಂಚು:
ಹೊಡಿಯೂದಿಲ್ಲ ತಮ್ಮಾ, ಖರೇನ ಐತಿ ನೀ ಹೇಳಿದ್ದು. ಸೆನ್ಸರ್ ಎರಡು ತಾಸು ಬೆಳಕು ಕೂಡಿಡ್ತೈತಿ, ಕಣ್ಣಿಗೆ ಆ ಚೀಲ ಇಲ್ಲ, ಒಂದು ಸೆಕೆಂಡಿಗಿಂತ ಕಡಿಮಿದಾಗ ಬಂದದ್ದು ಖಾಲಿ ಮಾಡಿ ಹೊಸಾದು ತುಂಬಿಸ್ತೈತಿ. ಆದ್ರ ನೀ ಸ್ಕ್ರೀನಿನ್ಯಾಗ ನೋಡೂ ಬೆಳಕು ಸ್ಕ್ರೀನಿಂದು. ಐಪೀಸಿನ್ಯಾಗ ನೋಡೂದು ಅಲ್ಲಿಂದನ ಹೊಂಟು ಬಂದದ್ದು. ಇದು ಬುದ್ಧಿವಾದ ಅಲ್ಲ, ಹುಚ್ಚು. ಅಷ್ಟ.

ಸಬ್‌ಫ್ರೇಮ್ ಸರದಾರ:
ನನ್ನ ಹುಚ್ಚು ಬೇರೆ. ಗದ್ದಲ ಅರ್ಧ ಆಗ್ಬೇಕು ಅಂದ್ರೆ ನಾಲ್ಕು ಪಟ್ಟು ಟೈಮ್ ಕೊಡ್ಬೇಕು, ವರ್ಗಮೂಲದ ಲೆಕ್ಕ. ರಾತ್ರಿಗಣ್ಣು ಈಗಿನ 4 ಗಂಟೆ 44 ನಿಮಿಷದ ಫೋಟೋನ ಎರಡು ಪಟ್ಟು ನೀಟ್ ಮಾಡೋಕೆ ಹತ್ತಿರತ್ರ 19 ಗಂಟೆ ಬೇಕು. ಅದನ್ನ ಮತ್ತೆ ಎರಡು ಪಟ್ಟು ಮಾಡ್ಬೇಕಂದ್ರೆ 76. ಜನ್ಮ ಪೂರ್ತಿ ಒಂದೇ ಗುಚ್ಛ. ಅದಕ್ಕೇ ಫ್ರೇಮ್ ಫ್ರೇಮಿಗೂ ಡಿದರ್ ಮಾಡಪ್ಪ (ಸ್ಕೋಪನ್ನ ಒಂಚೂರು ಆಚೀಚೆ ಸರಿಸು), ಬಿಟ್ಟಿ ಲಾಭ. ಇಲ್ಲಾಂದ್ರೆ ಹಾಟ್ ಪಿಕ್ಸೆಲ್ಲು (ಬೆಳಕು ಬೀಳದಿದ್ರೂ ಹೊಳೆಯೋವು) ಎಲ್ಲಾ ಒಂದೇ ದಿಕ್ಕಿಗೆ ಮಳೆ ಸುರಿದಂಗೆ ಗೆರೆ ಎಳೆದಿರುತ್ತೆ, 10 ಪಿಕ್ಸೆಲ್ ಗ್ಯಾಲಕ್ಸಿ ಆ ಗೆರೇಲಿ ಮುಳುಗಿಹೋಗುತ್ತೆ.

ಹೊಸಬ 23:
ನನ್ ಹತ್ರ 6 ಇಂಚಿದೆ, ನಾನು ಯಾವುದರಿಂದ ಶುರು ಮಾಡ್ಲಿ?

ಹತ್ತಿಂಚು:
ಇದರಿಂದ ಅಲ್ಲ! ಮದ್ಲ ಕನ್ಯಾ ಗುಚ್ಛದಾಗ ಮಾರ್ಕೇರಿಯನ್ ಸರಪಳಿ ಅನ್ನೂ ಗ್ಯಾಲಕ್ಸಿ ಸಾಲು, ಅದು 5 ಕೋಟಿ ಜ್ಯೋತಿರ್ವರ್ಷ ಚಿಲ್ರೆ, 6 ಇಂಚಿಗೆ ಹಬ್ಬ. ಆಮ್ಯಾಲೆ ಕೋಮಾ ಗುಚ್ಛ, ಏಬೆಲ್ 1656, 32 ಕೋಟಿ. ಅದರಾಗ ಎನ್‌ಜಿಸಿ 4889, 4874 ಅಂತ ಎರಡು ದೊಡ್ಡಣ್ಣ ಗ್ಯಾಲಕ್ಸಿಗಳು ಅದಾವ, ಬಾಜೂಕ ಒಂದು 7ನೇ ಮ್ಯಾಗ್ನಿಟ್ಯೂಡ್ ನಕ್ಷತ್ರ ಕಣ್ಣು ಕುಕ್ತೈತಿ, ಅದನ್ನ ಫೀಲ್ಡಿಂದ ಹೊರಗ ತಳ್ಳಿ ನೋಡ್ರಿ. ಆಮ್ಯಾಲೆ ಹರ್ಕ್ಯುಲಿಸ್, 50 ಕೋಟಿ. ಅಲ್ಲಿ ನನ್ನ ಎಂಟು ಗ್ಯಾಲಕ್ಸಿ ಸಿಕ್ರ ತಿಳಸ್ರಿ.

ಕಡಲ್ಕಣ್ಣು:
ಕೋಮಾ ನೋಡುವಾಗ ಖಗೋಳಜ್ಞ ಫ್ರಿಟ್ಜ್ ಝ್ವಿಕಿಯನ್ನು ಒಮ್ಮೆ ನೆನೆಸಿ. 1933ರಲ್ಲಿ ಅಲ್ಲಿನ ಗ್ಯಾಲಕ್ಸಿಗಳು ಎಷ್ಟು ವೇಗದಲ್ಲಿ ಅತ್ತಿತ್ತ ಹೋಗ್ತಾ ಉಂಟು ಅಂತ ಲೆಕ್ಕ ಹಾಕಿ, ಕಾಣುವ ಬೆಳಕಿನಷ್ಟೇ ತೂಕ ಇದ್ದಿದ್ರೆ ಈ ಗುಂಪು ಯಾವತ್ತೋ ಚೆಲ್ಲಾಪಿಲ್ಲಿ ಆಗ್ಬೇಕಿತ್ತು, ಹಾಗಾದ್ರೆ ಕಾಣದ ವಸ್ತು ಎಂತದೋ ಹಿಡಿದು ನಿಲ್ಲಿಸಿದೆ ಅಂದ. ಆಗ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ನಿಮ್ಮ 2065ರಲ್ಲೂ 'ಚಂದ್ರ' ಹೆಸರಿನ ಎಕ್ಸ್-ರೇ ದೂರದರ್ಶಕದಲ್ಲಿ ನೋಡಿದಾಗ ಸಣ್ಣ ಗುಚ್ಛ ಒಂದು ದೊಡ್ಡದಕ್ಕೆ ಗುದ್ದಿ ಸೇರ್ತಾ ಇರುವ ಗುರುತು ಸಿಕ್ಕಿತ್ತು. ಗ್ಯಾಲಕ್ಸಿಗಳ ನಡುವಿನ ಬಿಸಿ ಅನಿಲ ಕೋಟಿಗಟ್ಟಲೆ ಡಿಗ್ರಿ. ನಮ್ಮ ಫೋಟೋದಲ್ಲಿ ಮಾತ್ರ ಎಲ್ಲ ತಣ್ಣಗೆ ಕೂತಿದೆ.

ಕಿರೀಟಧಾರಿ:
ಕಂಡ್ತಾ ಇಲ್ವಾ ಅನ್ನೋದಕ್ಕೆ ಒಂದು ಉಪಾಯ. ಆಕಾಶದ ಸಾಫ್ಟ್‌ವೇರಲ್ಲಿ ಗ್ಯಾಲಕ್ಸಿ ಎಲ್ಲಾ ಆಫ್ ಮಾಡಿ, 14ನೇ ಮ್ಯಾಗ್ನಿಟ್ಯೂಡ್ ತನಕ ನಕ್ಷತ್ರ ಮಾತ್ರ ಇರೋ ಚಾರ್ಟ್ ಪ್ರಿಂಟ್ ತೆಗೀರಿ, ಎರಡು ಕಾಪಿ. ಒಂದು ನಿಮಗೆ, ಒಂದು ಮೇಷ್ಟ್ರಿಗೆ. ಅವರು ನಿಮ್ಮ ಫೋಟೋ ನೋಡಿದ್ದಾರಾ?

ರಾತ್ರಿಗಣ್ಣು:
ಮೇಷ್ಟ್ರಾ? ಅವರಿಗೆ ಫೋಟೋ ಅಂದ್ರೇ ಆಗಲ್ಲ. ತೋರ್ಸೋಕೆ ಹೋದ್ರೆ ಕನ್ನಡಕ ತೆಗೆದಿಡ್ತಾರೆ.

ಕಿರೀಟಧಾರಿ:
ಹಾಗಾದ್ರೆ ಅವರೇ ಬೇಕು ನಮಗೆ. ಮಾತಾಡ್ಕೊಳ್ಳದೆ, ಒಬ್ಬರಾದ ಮೇಲೆ ಒಬ್ಬರು ಅರ್ಧ ಅರ್ಧ ಗಂಟೆ, ಮಸುಕು ಕಂಡ ಕಡೆ ಪೆನ್ಸಿಲಲ್ಲಿ ಚುಕ್ಕಿ. ಇಬ್ಬರೂ ಮುಗಿಸೋ ತನಕ ಯಾರ ಹಾಳೆ ಯಾರಿಗೂ ತೋರಿಸ್ಬೇಡಿ. ಆಮೇಲೆ ಫೋಟೋ ಮೇಲೆ ಇಟ್ಟು ನೋಡೋಣ.

ರಾತ್ರಿಗಣ್ಣು:
ಒಂದು ತಿಂಗಳಾದ ಮೇಲೆ ಬರೀತಿದ್ದೀನಿ, ಥ್ರೆಡ್ ಮೇಲೆತ್ತಿದ್ದಕ್ಕೆ ಸಾರಿ. ಮೊದಲು ಮಂಜಿನ ಕಥೆ. ಗುಚ್ಛನ ಮೂಲೆಗೆ ತಳ್ಳಿ ಒಂದು ಗಂಟೆ ಹೊಡೆದೆ, ಹಳೇ ಫ್ಲಾಟೇ ಹಾಕಿ ನೋಡ್ದೆ, ಮಂಜು ನಟ್ಟನಡುವೆ ಆರಾಮಾಗಿ ಕೂತಿತ್ತು. ಹೊಸ ಫ್ಲಾಟ್ ಹಾಕ್ದೆ, ಮಾಯ. ಸರದಾರ ಗೆದ್ದ.

ಈಗ ಚಾರ್ಟ್ ಕಥೆ. ಅಮಾವಾಸ್ಯೆ ರಾತ್ರಿ ಆಕಾಶ ಚೆನ್ನಾಗಿತ್ತು, ಕಿರೀಟ ನೆತ್ತಿ ಹತ್ರ ಇತ್ತು. ಮಂದ ಕೆಂಪು ಟಾರ್ಚು, ಪ್ಯಾಡ್ ಮೇಲೆ ಹಾಳೆ, ಪೆನ್ಸಿಲ್ ಎರಡು ಸಲ ಕೆಳಗೆ ಬಿದ್ದು ಹುಲ್ಲಲ್ಲಿ ಹುಡುಕಿದ್ದಾಯ್ತು. ಮೊದಲ ಹತ್ತು ನಿಮಿಷ ನಂಗೆ ಏನೂ ಕಾಣ್ಲಿಲ್ಲ, ಕಣ್ಣಲ್ಲಿ ನೀರು. ಆಮೇಲೆ ಒಂದು ಕಡೆ ಏನೋ ಇದೆ ಅನ್ಸೋದು, ನೋಡಿದ್ರೆ ಹೋಗೋದು, ಬಿಟ್ರೆ ಬರೋದು. ಒಂದೇ ಜಾಗದಲ್ಲಿ ಮೂರು ಸಲ ಬಂದ್ರೆ ಮಾತ್ರ ಚುಕ್ಕಿ ಅಂತ ನಿಯಮ ಹಾಕ್ಕೊಂಡೆ. ನಾನು ಏಳು ಹಾಕ್ದೆ. ಆಮೇಲೆ ಮೇಷ್ಟ್ರು ಆರು ಹಾಕಿದ್ರು, ಒಂದು ಪಕ್ಕ 'ನಕ್ಷತ್ರಕ್ಕೆ ಅಂಟಿಕೊಂಡಿದೆ' ಅಂತ ದುಂಡು ಅಕ್ಷರದಲ್ಲಿ ಬರೆದೂ ಇಟ್ರು.

ಮನೆಗೆ ಬಂದು ಸ್ಕ್ಯಾನ್ ಮಾಡಿ ಫೋಟೋ ಮೇಲೆ ಕೂರಿಸ್ದೆ. ನನ್ನ ಏಳರಲ್ಲಿ ಐದು ಸರಿ, ಎರಡು ಕಡೆ ಏನೂ ಇಲ್ಲ. ಐದು ಅಂದ ತಕ್ಷಣ ಖುಷಿ ಪಡ್ಬೇಡಿ, ಐದೂ ನಾನು ಫೋಟೋದಲ್ಲಿ ಬಾಣದ ಗುರುತು ಹಾಕಿ ಇಟ್ಟಿದ್ದವೇ, ಹತ್ತಿಂಚು ಸಾರ್ ಹೇಳಿದ್ದು ಅಕ್ಷರಶಃ. ಮೇಷ್ಟ್ರ ಆರರಲ್ಲಿ ಎರಡು ಸರಿ, ಅವೆರಡೂ ನನ್ನ ಐದರಲ್ಲಿವೆ. ಒಂದು, ಹತ್ತಿರ ಹತ್ತಿರ ಇರೋ ಎರಡು ಮಂಕು ನಕ್ಷತ್ರ ಸೇರಿ ಮಸುಕು ಕಂಡಿದ್ದು. ಉಳಿದ ಮೂರು ಕಡೆ ಖಾಲಿ. ಆ ಅಂಟಿಕೊಂಡಿರೋದೂ ಖಾಲಿ ಲೆಕ್ಕಕ್ಕೇ ಹಾಕ್ದೆ.

ಸಬ್‌ಫ್ರೇಮ್ ಸರದಾರ:
ಆಗಿದ್ರೆ ಇಬ್ರಿಗೂ ನಿಜವಾಗಿ ಕಂಡಿದ್ದು ಎರಡು ಅಂತ ಇಟ್ಕೋಬಹುದು. ಎರಡೂ ದೊಡ್ಡದೇ ಬಿಡು. ಅಂದಹಾಗೆ ಖಾಲಿ ಅಂತ ಯಾವ ಫೋಟೋ ನೋಡಿ ಹೇಳಿದೆ? ಪೂರ್ತಿ ಸ್ಟ್ಯಾಕಾ, ಇಲ್ಲಾ ಸಾಫ್ಟ್‌ವೇರ್ ಟೂಲಿಂದ ನಕ್ಷತ್ರ ಅಳಿಸಿದ್ದಾ?

ರಾತ್ರಿಗಣ್ಣು:
ನಕ್ಷತ್ರ ಅಳಿಸಿದ್ದು, ಎಣಿಸೋಕೆ ಸುಲಭ ಅಂತ ಅದರ ಮೇಲೇ ಮಾಡಿದ್ದೆ. ಯಾಕೆ?

ಸಬ್‌ಫ್ರೇಮ್ ಸರದಾರ:
ಆ ಟೂಲುಗಳು ಸಣ್ಣ ಗ್ಯಾಲಕ್ಸಿನ ನಕ್ಷತ್ರ ಅಂದ್ಕೊಂಡು ನುಂಗಿಬಿಡ್ತಾವೆ, ಅದೂ ನಕ್ಷತ್ರದ ಪಕ್ಕ ಇದ್ರಂತೂ ಗ್ಯಾರಂಟಿ. ಅಳಿಸೋ ಮುಂಚಿನ ಫೈಲ್ ತೆಗಿ, ಸ್ಟ್ರೆಚ್ ಕಮ್ಮಿ ಮಾಡು, ಮೇಷ್ಟ್ರು ಬರೆದ ಜಾಗ ನೋಡು.

ರಾತ್ರಿಗಣ್ಣು:
ಅಯ್ಯೋ.

ರಾತ್ರಿಗಣ್ಣು:
ಇದೆ. 14ನೇ ಮ್ಯಾಗ್ನಿಟ್ಯೂಡ್ ನಕ್ಷತ್ರದಿಂದ 12 ಪಿಕ್ಸೆಲ್ ಆಚೆ, 9 ಪಿಕ್ಸೆಲ್ ಉದ್ದದ ಹಳದಿ ಕಾಳು. ಸ್ಟ್ರೆಚ್ ಜಾಸ್ತಿ ಮಾಡಿದಾಗ ನಕ್ಷತ್ರದ ಸೆರಗಲ್ಲಿ ಸೇರ್ಕೊಂಡು ಒಂದೇ ಮುದ್ದೆ ಆಗಿತ್ತು, ಅಳಿಸುವಾಗ ಇದೂ ಹೋಗಿದೆ. ಸ್ಲೋನ್‌ನಲ್ಲಿ ನೋಡ್ದೆ, ರೆಡ್‌ಶಿಫ್ಟ್ 0.07 ಚಿಲ್ಲರೆ, ಗುಚ್ಛದ್ದೇ. ಐದು ಗಂಟೆ ಡೇಟಾ ಇಟ್ಕೊಂಡು ತಿಂಗಳುಗಟ್ಟಲೆ ನೋಡಿದ ನನ್ನ ಕಣ್ಣಿಗೆ ಬೀಳದ್ದು ಅವರಿಗೆ ಅರ್ಧ ಗಂಟೇಲಿ ಬಿದ್ದಿದೆ.

ಹತ್ತಿಂಚು:
ಏನ್ರಪಾ ಇದು! ನಾ ಸೋತೆ, ಒಪ್ಪಿದೆ. ಮೇಷ್ಟ್ರಿಗೆ ಹೇಳಿದ್ರೇನ್ರಿ?

ರಾತ್ರಿಗಣ್ಣು:
ಈಗಷ್ಟೇ ಫೋನ್ ಮಾಡಿ ಹೇಳ್ದೆ. ಹತ್ತು ಸೆಕೆಂಡ್ ಸುಮ್ನಿದ್ರು. ಆಮೇಲೆ, ಬರೆದು ಕೊಟ್ಟಿದ್ನಲ್ಲಪ್ಪ ಅಂದ್ರು. ಮುಂದಿನ ಅಮಾವಾಸ್ಯೆಗೆ ಬರುವಾಗ ಐಪೀಸ್ ಒರೆಸೋ ಬಟ್ಟೆ ತಗೊಂಡು ಬಾ, 8 ಮಿಮೀ ಗಾಜಿನ ಮೇಲೆಲ್ಲಾ ನಿನ್ನ ರೆಪ್ಪೆ ಜಿಡ್ಡು ಹತ್ತಿದೆ ಅಂದ್ರು.